ನೀರಿನ ಫೋಟೋ ತೆಗೆಸಿದ ಡಾಕ್ಟರಬಾಯಿ

ನಿವೃತ್ತಿಯ ದಿನ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೂರು ನಾಲ್ಕು ಮಂದಿ ಭಾಷಣ ಮಾಡಿದರು. ಒಬ್ಬರು ಅವರನ್ನು ‘ಕರುಣಾಮಯಿ’ ಎಂದರು. ಇನ್ನೊಬ್ಬರು ‘ಮೃದುಭಾಷಿ’ ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವರ ವಿಭಾಗದ ಪಕ್ಕದ ಕಟ್ಟಡದಲ್ಲೇ ನನ್ನ ಎಕ್ಸ್-ರೇ, ಸಿ.ಟಿ. ಸ್ಕ್ಯಾನಿನ ವಿಭಾಗ. ಆ ಮೃದು ಭಾಷೆಯನ್ನು ನಾನು ಎರಡು ಗೋಡೆಯ ಆಚೆಯಿಂದಲೂ ಕೇಳಿದ್ದೇನೆ. ಅವರು ಬಾಯಿ ತೆರೆದರೆ ಗೇಟಿನ ಕಾವಲುಗಾರ ಟೋಪಿ ಸರಿಮಾಡಿಕೊಳ್ಳುತ್ತಿದ್ದ.

ಹೆಸರು ಬರೆಯುವುದಿಲ್ಲ. ಬರೆದರೆ ಮನೆಗೇ ಬಂದು ಬೈಯುತ್ತಾರೆ, ಬೈಸಿಕೊಳ್ಳುವ ತ್ರಾಣ ನನಗೀಗ ಉಳಿದಿಲ್ಲ. ಬೆಳಗಾವಿಯಲ್ಲಿ ಪೊಲೀಸರಿಂದ ಹಿಡಿದು ಚಹಾದಂಗಡಿಯವನವರೆಗೆ ಎಲ್ಲರೂ ಅವರನ್ನು ಡಾಕ್ಟರಬಾಯಿ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಅವರ ಕೆಲಸ ಮರಣೋತ್ತರ ಪರೀಕ್ಷೆ. ಕುಳ್ಳಗಿನ ಆಳು, ಸೊಂಟಕ್ಕೆ ಬಿಗಿದ ಸೆರಗು, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಬಿಳಿ ಕೋಟಿನ ಒಂದು ಜೇಬಿನಲ್ಲಿ ಕನ್ನಡಕ, ಇನ್ನೊಂದರಲ್ಲಿ ಹುರಿದ ಶೇಂಗಾ. ನಡೆಯುವಾಗ ಜೊತೆಗಿದ್ದವರು ಓಡಬೇಕು. ಯಾರಾದರೂ ಸಾಹೇಬರು ಬಂದು ‘ಮೇಡಂ, ಮೊದಲು ಚಹಾ ತಗೊಳ್ರಿ’ ಎಂದರೆ ‘ಚಹಾ ಆಮ್ಯಾಲ. ಮೊದಲ ನಿಮ್ಮ ಪಂಚನಾಮಾ ತೋರಸ್ರಿ’ ಎನ್ನುತ್ತಿದ್ದರು. ಪಾಪ, ಚಹಾ ಆರಿ ಹೋಗುತ್ತಿತ್ತು, ಸಾಹೇಬರ ಮುಖವೂ ಆರುತ್ತಿತ್ತು.

ಮಳೆಗಾಲ ಬಂತೆಂದರೆ ಖಾನಾಪುರ ತಾಲೂಕಿನ ಹೊಳೆ, ಹಳ್ಳಗಳಿಂದ ಅವರ ಟೇಬಲ್ಲಿಗೆ ಹೆಣಗಳು ಬರುತ್ತಿದ್ದವು. ಬಟ್ಟೆ ಒಗೆಯಲು ಹೋದವರು, ಎಮ್ಮೆಯ ಮೈ ತೊಳೆಯಲು ಇಳಿದವರು, ಜಲಪಾತದ ಅಂಚಿನಲ್ಲಿ ಮೊಬೈಲು ಹಿಡಿದು ನಿಂತವರು. ನೀರಿನಲ್ಲಿ ಸಿಕ್ಕವರೆಲ್ಲ ನೀರಿನಿಂದಲೇ ಸತ್ತವರಲ್ಲ. ಬೇರೆ ಕಡೆ ಕೊಂದು ನೀರಿಗೆ ಹಾಕಿದ್ದೂ ಉಂಟು. ಎರಡನ್ನೂ ಬೇರ್ಪಡಿಸಿ ಹೇಳುವುದು ಅವರ ಇಡೀ ಕೆಲಸದಲ್ಲೇ ಕಠಿಣವಾದದ್ದು ಎಂದು ಅವರೇ ಹೇಳುತ್ತಿದ್ದರು.

ಒಂದು ದಿನ ನನ್ನ ಕೋಣೆಗೆ ಬಂದು, ಕೇಳದೆ ಕುರ್ಚಿ ಎಳೆದುಕೊಂಡು ಕುಳಿತು, ನನ್ನ ಸಿ.ಟಿ. ಯಂತ್ರ ಬೇಕು ಎಂದರು. ಯಾರಿಗೆ ಎಂದೆ. ಮುಳುಗಿ ಸತ್ತವರಿಗೆ ಎಂದರು. ನಾನು ಚಹಾ ಕೆಳಗಿಟ್ಟೆ.

‘ನೀವು ಕೊಯ್ದು ಕಣ್ಣಾರೆ ನೋಡೇ ನೋಡ್ತೀರಲ್ರಿ ಬಾಯೀರ, ಫೋಟೋ ಯಾಕ?’

‘ಕೊಯ್ದ ಕೂಡ್ಲೇ ನೀರು ಹರದು ಹೋಗತೈತೋ ತಮ್ಮಾ. ಮೂಗಿನ ಹಿಂದಿನ ಪೊಳ್ಳಿನಾಗ ಇದ್ದ ನೀರು, ಗಂಟಲದಾಗಿನ ನೊರಿ, ಎಲ್ಲಾ ನನ್ನ ಕೈಯಾಗ ಹೋಗತೈತಿ. ಹರದು ಹೋದದ್ದನ್ನ ಕೋರ್ಟಿನ್ಯಾಗ ಹೆಂಗ ತೋರಸ್ಲಿ? ಕೊಯ್ಯೂಕಿಂತ ಮೊದಲ, ಇದ್ದದ್ದು ಇದ್ದಂಗ ನೀ ಫೋಟೋ ಹಿಡದು ಕೊಡು.’

‘ನೀರು ಕಂಡ್ರ ಮುಳುಗಿ ಸತ್ತಾರ ಅಂತ ಬರದು ಬಿಡ್ಲಿ ಹಂಗಾದ್ರ?’

‘ಶ್ಯಾಣ್ಯಾ ಇದ್ದಿ. ಹೊಳ್ಯಾಗ ಒಗದ ಹೆಣದ ಮೂಗಿನಾಗೂ ನೀರು ಹೋಗತೈತಿ. ಬರೇ ನೀರು ನೋಡಬ್ಯಾಡ. ಪುಪ್ಪುಸ ಹೆಂಗೈತಿ ನೋಡು, ಮರಳು ಎಷ್ಟು ಆಳಕ್ಕ ಹೋಗೈತಿ ನೋಡು. ಕಂಡಷ್ಟು ಹೇಳು. ಆಮ್ಯಾಲ ಕೊಯ್ದು ನಾ ನೋಡತೇನಿ, ಎರಡೂ ಕೂಡಿಸಿ ವಿಚಾರ ಮಾಡೂಣು.’

ಸರಿ, ನಾನು ಒಪ್ಪಿದೆ. ಒಪ್ಪದಿದ್ದರೆ ಅವರು ಕುರ್ಚಿಯಿಂದ ಏಳುವ ಹಾಗೆ ಕಾಣಲಿಲ್ಲ. ಆದರೆ ನಮ್ಮ ಟೆಕ್ನಿಷಿಯನ್ ಬಾಳು ಒಪ್ಪಬೇಕಲ್ಲ. ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಮೊದಲ ಹೆಣವನ್ನು ತಂದಾಗ ಅವನು ಬಾಗಿಲಿಗೆ ಅಡ್ಡ ನಿಂತ.

‘ಜೀಂವ ಇದ್ದವರು ಮಲಗೂ ಜಾಗಾರಿ ಇದು. ಖಂಡೇನವಮಿಗೆ ಕಾಯಿ ಒಡದು ಪೂಜಿ ಮಾಡೇವ್ರಿ ಈ ಮಶೀನಿಗೆ. ಇದರ ಮ್ಯಾಲ ಹೆಣಾ ಮಲಗಸೂದಂದ್ರ ಹೆಂಗ್ರಿ? ನಾಳೆ ಪೇಶಂಟ್ ಮಂದಿಗೆ ಗೊತ್ತಾದ್ರ ಒಬ್ಬರರೆ ಮಲಗ್ತಾರೇನ್ರಿ?’

ಡಾಕ್ಟರಬಾಯಿ ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ದೇಹವನ್ನು ಒಂದರ ಮೇಲೊಂದು ಎರಡು ಚೀಲದಲ್ಲಿ ಹಾಕಿ ಜಿಪ್ ಎಳೆದದ್ದನ್ನು ಅವನಿಗೆ ತೋರಿಸಿದರು. ಚೀಲ ಬಿಚ್ಚದೆಯೇ ಸ್ಕ್ಯಾನ್ ಆಯಿತು. ಆಮೇಲೆ ತಾವೇ ಬಕೆಟ್ಟು ತಂದು, ಔಷಧಿ ಹಾಕಿ, ಟೇಬಲ್ಲನ್ನು ತಲೆಯಿಂದ ಬುಡದವರೆಗೆ ಒರೆಸಿದರು. ಒರೆಸಿದ ಮೇಲೆ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಅದರ ಮೇಲೆ ಅಂಗಾತ ಮಲಗಿಬಿಟ್ಟರು. ಬಾಳು ಬಿಟ್ಟ ಕಣ್ಣು ಬಿಟ್ಟಂತೇ ನಿಂತ.

‘ಹೆಣ ಆದಮ್ಯಾಲ ನಾ ಮಲಗೇನಿ. ನಂದಾದಮ್ಯಾಲ ಯಾರ ಮಲಗಿದ್ರೂ ಅಡ್ಡಿ ಇಲ್ಲಲ್ಲ? ಪೂಜಿ ನೀ ದಿನಾ ಮಾಡು, ನಾ ಊದಿನಕಡ್ಡಿ ತಂದು ಕೊಡತೇನಿ. ಸತ್ತವರ್ನೂ ಕಾಯಲಿ ಈ ಮಶೀನು.’

ಅಲ್ಲಿಂದ ಮುಂದೆ ಬಾಳು ಎದುರು ಮಾತಾಡಲಿಲ್ಲ. ನನ್ನ ಬೆಳಗಿನ ಚಹಾ ಮಾತ್ರ ಶಾಶ್ವತವಾಗಿ ಕೆಟ್ಟಿತು. ಮಳೆಗಾಲದ ಎಷ್ಟೋ ಬೆಳಗು ಅವರು ನನ್ನ ಹೆಗಲ ಹಿಂದೆ ನಿಂತು, ಪರದೆಯ ಮೇಲೆ ಬೆರಳಿಟ್ಟು ‘ಇದೇನು? ಅದೇನು?’ ಎಂದು ಕೇಳುತ್ತ ಶೇಂಗಾ ತಿಂದಿದ್ದಾರೆ. ನನಗೂ ಕೊಡುತ್ತಿದ್ದರು, ಸುಳ್ಳೇಕೆ ಹೇಳಲಿ.

ಅವರ ಬಗ್ಗೆ ಹೇಳಬೇಕಾದ್ದು ಬಹಳ ಇದೆ. ಆದರೆ ಯಾರಾದರೂ ‘ಆಕೆ ಎಂಥ ಮನುಷ್ಯಳು?’ ಎಂದು ಕೇಳಿದರೆ ನಾನು ಹೇಳುವುದು ಖಾನಾಪುರದ ಆ ಅತ್ತೆಯ ಕೇಸು ಒಂದನ್ನೇ.

ಖಾನಾಪುರದಿಂದ ಹಲಸಿಯ ಕಡೆ ಹೋಗುವ ಹಾದಿಯಲ್ಲಿ ಹೊಳೆದಂಡೆಯ ಒಂದು ಸಣ್ಣ ಊರು. ಅತ್ತೆ, ಸೊಸೆ ಇಬ್ಬರೂ ಬೆಳಿಗ್ಗೆ ಬಟ್ಟೆ ಒಗೆಯಲು ಹೋಗಿದ್ದರು. ಅತ್ತೆ ಕಲ್ಲಿನ ಮೇಲೆ ಕಾಲು ಜಾರಿ ನೀರಿಗೆ ಬಿದ್ದಳು, ತಾನೇ ಇಳಿದು ಎಳೆದು ತಂದೆ, ಅಷ್ಟರಲ್ಲಿ ಉಸಿರು ನಿಂತಿತ್ತು, ಹೀಗೆಂದು ಸೊಸೆಯ ಹೇಳಿಕೆ. ನೋಡಿದವರು ಯಾರೂ ಇಲ್ಲ. ಮಗ ಗೋವಾ ಕಡೆ ಲಾರಿ ಒಯ್ದಿದ್ದ. ಆ ಮುದುಕಿಯ ಮಗಳು, ಎಂದರೆ ಸೊಸೆಯ ನಾದಿನಿ, ಇಲ್ಲಿ ಬೆಳಗಾವಿಯಲ್ಲೇ, ವಡಗಾವಿಯ ನೇಕಾರರ ಮನೆಗೆ ಕೊಟ್ಟವಳು. ಸುದ್ದಿ ಕೇಳಿದವಳೇ ಪೊಲೀಸರಿಗೆ ಫೋನು ಮಾಡಿದಳು. ಆಕೆಯ ಮಾತಿನಲ್ಲೂ ಹುರುಳಿತ್ತು.

‘ನಮ್ಮವ್ವ ಲಗ್ನಾಗಿ ಬಂದಾಗಿಂದ ಅದ ಹೊಳೀಗೆ ಹೋಗಾಕತ್ಯಾಳ್ರಿ. ಕಣ್ಣು ಕಟ್ಟಿ ಬಿಟ್ರೂ ಹಾದಿ ಗೊತ್ತೈತಿ ಆಕೀಗಿ. ಮೊನ್ನೆ ಫೋನಿನ್ಯಾಗ ಸೊಸಿ ಜೋಡಿ ಜಗಳಾ ಆತು ಅಂತ ಅಳತಿದ್ಲು. ಇವತ್ತ ಮುಳುಗಿ ಸತ್ಲಂದ್ರ ನಾ ಹೆಂಗ ನಂಬ್ಲಿ?’

ಇಳಿಹೊತ್ತಿಗೆ ಪೊಲೀಸರು ಹೋಗಿ ನೋಡಿದಾಗ ದೇಹ ಮನೆಯಲ್ಲಿ ಚಾಪೆಯ ಮೇಲೆ ಮಲಗಿತ್ತು. ಗದ್ದದ ಕೆಳಗೆ, ಕಿವಿಯ ಹಿಂದಿನವರೆಗೂ ಒಂದು ಗುರುತು. ಕಾಲು, ತೊಡೆಗಳಲ್ಲಿ ರಕ್ತ ಇಳಿದು ಕಪ್ಪಾಗಿತ್ತು. ಮೂಗು, ಬಾಯಲ್ಲಿ ನೊರೆಯಿಲ್ಲ. ನೇಣು ಹಾಕಿ ನೀರಿಗೆ ಹಾಕಿದ್ದಾರೆ ಎಂದು ಯಾರಿಗಾದರೂ ಅನ್ನಿಸಬೇಕು. ಗುರುತು ಎಲ್ಲಿಂದ ಬಂತೆಂದು ಕೇಳಿದರೆ ಸೊಸೆ ‘ಗೊತ್ತಿಲ್ರಿ’ ಎಂದಳು. ಊರ ಹಿರಿಯರು ‘ಹೊಳಿಯಿಂದ ತಂದು ಹಿಂಗ ಮಲಗಿಸೇವ್ರಿ’ ಎಂದರು. ಎಲ್ಲರದೂ ಒಂದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸೊಸೆಯನ್ನು ಠಾಣೆಗೆ ಕರೆದೊಯ್ದರು, ದೇಹವನ್ನು ಬೆಳಗಾವಿಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಸ್ಕ್ಯಾನ್ ಮಾಡಿದೆವು. ಮೂಗಿನ ಸುತ್ತಲಿನ ಮೂಳೆಯ ಪೊಳ್ಳುಗಳಲ್ಲಿ ನೀರು, ಮರಳು ಇತ್ತು. ಉಸಿರಿನ ನಾಳದಲ್ಲಿ ಸಣ್ಣ ಮರಳು, ದೊಡ್ಡ ಕವಲು ದಾಟಿ ಒಳಗಿನ ಸಣ್ಣ ಕವಲುಗಳವರೆಗೂ ಇಳಿದಿತ್ತು. ಪುಪ್ಪುಸ ಊದಿಕೊಂಡು ಮಬ್ಬು ಮಬ್ಬಾಗಿತ್ತು. ಗಂಟಲಿನ ಮೂಳೆ, ಮೃದ್ವಸ್ಥಿ ಎಲ್ಲ ನೆಟ್ಟಗಿದ್ದವು.

‘ನೀರಾಗ ಉಸರಾಡ್ಯಾಳ,’ ಎಂದರು ಡಾಕ್ಟರಬಾಯಿ. ಆಮೇಲೆ ಶೇಂಗಾ ತಿನ್ನುವುದನ್ನು ನಿಲ್ಲಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ‘ಇದೇನೋ ತಮ್ಮಾ? ಮಲಗಿದಾಕಿ ರಕ್ತ ಬೆನ್ನಿನ ಕಡೆ ಇಳೀಬೇಕಲ್ಲ? ಇಲ್ಲಿ ಪುಪ್ಪುಸದ ಬುಡಕ್ಕ ಇಳದೈತಿ. ಮಾರಿ ಎಲುವಿನ ಪೊಳ್ಳಿನಾಗಿನ ಮರಳೂ ನೋಡು, ಕೆಳಗ ಕುಂತೈತಿ, ಹಿಂದಲ್ಲ.’

ದೇಹವನ್ನು ಕೊಯ್ದು ನೋಡಿದಾಗ ಕುತ್ತಿಗೆಯ ಸ್ನಾಯುಗಳಲ್ಲಿ ರಕ್ತಸ್ರಾವವಿರಲಿಲ್ಲ. ಪುಪ್ಪುಸ ನೀರು ಕುಡಿದು ಭಾರವಾಗಿತ್ತು. ಪೃಷ್ಠದ ಮೇಲೆ, ಮಡಚಿದ ಕಾಲು ಒಂದಕ್ಕೊಂದು ತಾಗುವ ಜಾಗದಲ್ಲಿ, ರಕ್ತ ಇಳಿಯದೆ ಚರ್ಮ ಬೆಳ್ಳಗೇ ಉಳಿದಿತ್ತು. ನೇತಾಡಿದ ದೇಹದಲ್ಲಿ ಹೀಗೆ ಆಗುವುದಿಲ್ಲ. ಈ ದೇಹ ಸತ್ತ ಮೇಲೆ ಬಹಳ ಹೊತ್ತು ನೆಲದ ಮೇಲೆ ಕುಳಿತಿತ್ತು.

ಇನ್ಸ್‌ಪೆಕ್ಟರ್ ಸಾಹೇಬರು ಮಧ್ಯಾಹ್ನ ಬಂದರು. ಕೆಟ್ಟವರೇನಲ್ಲ, ಆದರೆ ಅವಸರದಲ್ಲಿದ್ದರು.

‘ಮುಳುಗೇ ಸತ್ತಾಳಂದ್ರ ಸತ್ತಾಳ್ರಿ ಮೇಡಂ. ಕುತಗಿ ಗುರುತು? ಅರ್ಧಾ ಬಿಗದು, ಜೀಂವ ಇರತನಾನ ನೀರಿಗೆ ನೂಕ್ಯಾಳ. ನಾ ಸಂಜೀಕ ಆಕೀನ ಕೋರ್ಟಿಗೆ ಹಾಜರ ಮಾಡಬೇಕು. ಅಲ್ಲಿಂದ ಸೀದಾ ಹಿಂಡಲಗಾ ಜೇಲಿಗೆ.’

‘ಆ ಗುರುತು ಸತ್ತ ಮ್ಯಾಲಿಂದು.’

‘ಹೆಂಗ ಬಂತು ಹೇಳ್ರಿ ಮತ್ತ. ಊರ ಮಂದಿ ಎಲ್ಲಾ ಮಲಗಿಸೇವಿ ಅಂತಾರ. ನಿಮ್ಮ ಫೋಟೋ ಕುಂತಿತ್ತು ಅಂತೈತಿ. ಕೋರ್ಟು ಯಾರನ್ನ ನಂಬತೈತಿ?’

ಡಾಕ್ಟರಬಾಯಿ ಕೈ ತೊಳೆದರು, ಕನ್ನಡಕ ಒರೆಸಿದರು. ‘ಸಂಜಿ ಆಗಾಕ ಇನ್ನೂ ಹೊತ್ತೈತಿ. ನಡೀರಿ, ಕೇಳೇ ಬರೂಣು,’ ಎಂದವರೇ ಜೀಪು ಹತ್ತಿದರು. ‘ನೀನೂ ಬಾ. ಫೋಟೋ ಹಿಡದಾಂವ ನೀನ,’ ಎಂದು ನನ್ನನ್ನೂ ಹತ್ತಿಸಿದರು. ಅಂದು ನನಗೆ ಊಟವೂ ಇಲ್ಲ.

ದಾರಿಯಲ್ಲಿ ಮೆಲ್ಲಗೆ ಕೇಳಿದೆ, ಸತ್ತ ದೇಹ ಕುಳಿತದ್ದು ಹೇಗೆಂದು ಅವರಿಗೆ ಅನ್ನಿಸುತ್ತದೆ ಎಂದು. ಅವರು ನನ್ನನ್ನು ನೋಡಿದ ಬಗೆ ಮರೆಯಲಾರೆ. ಬಸವಣ್ಣನವರ ಹಾದಿಯವರ ಮನೆಯಲ್ಲಿ ಹುಟ್ಟಿದ ಹೆಂಗಸಿಗೆ ಅದನ್ನು ಕೇಳಬೇಕೇ? ಆ ಮುದುಕಿಯ ಮನೆಯವರೂ ಅದೇ ಹಾದಿಯವರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮುಂಚೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಣ್ಣು ಮಾಡುವುದೂ ಹಾಗೇ ಕೂರಿಸಿಯೇ. ಗೊತ್ತಿದ್ದ ಮೇಲೆ ಸಾಹೇಬರಿಗೆ ಹೇಳಿಬಿಡಬಾರದೇ ಎಂದೆ.

‘ನನಗ ಗೊತ್ತಿದ್ರ ಏನಾತು? ಆ ಮನ್ಯಾಗ ಹಂಗ ಮಾಡ್ಯಾರಂತ ಆ ಮನಿ ಮಂದಿ ಹೇಳಬೇಕು.’

ಮನಿ ಮಂದಿ ಹೇಳಲಿಲ್ಲ. ಅಂಗಳದಲ್ಲಿ ಹಿರಿಯರೆಲ್ಲ ಸೇರಿದ್ದರು. ಸಾಹೇಬರು ಕೇಳಿದರು, ನಾನು ಕೇಳಿದೆ, ಮತ್ತದೇ ಮಾತು: ತಂದೆವು, ಮಲಗಿಸಿದೆವು. ಪಂಚನಾಮೆಗೆ ಮುಂಚೆ ಹೆಣ ಮುಟ್ಟಿ, ಮೈ ತೊಳೆದದ್ದು ಗೊತ್ತಾದರೆ ಎಲ್ಲರನ್ನೂ ಒಳಗೆ ಹಾಕುತ್ತಾರೆಂದು ಯಾರೋ ಹೆದರಿಸಿದ್ದರಂತೆ. ಪೊಲೀಸ್ ಜೀಪು ಬರುತ್ತಿದೆಯೆಂದು ತಿಳಿದದ್ದೇ ಗಡಿಬಿಡಿಯಲ್ಲಿ ವಿಭೂತಿ ಒರೆಸಿ, ಕಾಲು ಚಾಚಿಸಿ, ಚಾಪೆಯ ಮೇಲೆ ಮಲಗಿಸಿ, ಯಾರೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ್ದರು. ಸೊಸೆಯಿಂದಲೂ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಮಗೆ ಕಂಡದ್ದು ಮುಚ್ಚಿದ ಬಾಯಿಗಳು ಮಾತ್ರ.

ಡಾಕ್ಟರಬಾಯಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಡಸಾಲೆಗೆ ಹೋಗಿ ಗೋಡೆಗಳನ್ನು ನೋಡುತ್ತ ಒಂದು ಸುತ್ತು ಬಂದರು. ಒಂದು ಕಡೆ ಗೋಡೆಯಲ್ಲಿ ಹೊಸದಾಗಿ ಹೊಡೆದ ಮೊಳೆಯಿತ್ತು. ಅದರ ಕೆಳಗೆ ಚಪ್ಪಲಿ ಬಿಟ್ಟು, ನೆಲದ ಮೇಲೆ ಕುಳಿತು, ಬೇಕಂತಲೇ ಸೊಟ್ಟಗೆ ಒರಗಿ, ತಲೆಯನ್ನು ಎದೆಯ ಮೇಲೆ ಇಳಿಬಿಟ್ಟು ಕಣ್ಣು ಮುಚ್ಚಿದರು.

ಎಲ್ಲರೂ ದಂಗಾಗಿ ನೋಡಿದರು. ಸಾಹೇಬರು ನನ್ನ ಕಡೆ ನೋಡಿದರು. ನಾನು ಮಾಡಿನ ಕಡೆ ನೋಡಿದೆ.

‘ನಾನೂ ನಿಮ್ಮವಳ,’ ಎಂದರು ಡಾಕ್ಟರಬಾಯಿ, ಕಣ್ಣು ತೆರೆಯದೆ. ‘ನಾ ಸತ್ರ ಹಿಂಗ ಕುಂದರಸ್ತಾರಲ್ರಿ?’

ಹಿರಿಯರ ನಡುವೆ ಒಬ್ಬ ಅಜ್ಜ ಇದ್ದ. ಊರಿನಲ್ಲಿ ಯಾರೇ ಸತ್ತರೂ ಕೂರಿಸುವ ಕೆಲಸ ಅವನದೇ. ಅವನು ತಡೆದುಕೊಂಡ, ಅತ್ತ ಇತ್ತ ಸರಿದಾಡಿದ, ಕೊನೆಗೆ ತಡೆಯಲಾಗಲಿಲ್ಲ.

‘ಹಂಗಲ್ರಿ ಬಾಯೀರ. ಹಂಗ ಕುಂತ್ರ ಕುತಗಿ ವಾಲತೈತಿ. ಕಾಲು ಒಳಗ ತಗೋರಿ. ಬೆನ್ನು ಪೂರಾ ಗ್ವಾಡಿಗಿ ಹಚ್ರಿ.’

ಅವರು ಸರಿದು ಕುಳಿತರು. ತಲೆಯನ್ನು ಮಾತ್ರ ಮತ್ತೆ ಇಳಿಬಿಟ್ಟರು. ಅಜ್ಜ ಹೆಗಲ ಮೇಲಿನ ವಸ್ತ್ರ ತೆಗೆದು, ಅವರ ಗದ್ದದ ಕೆಳಗೆ ಹಾಯಿಸಿ, ಕಿವಿಯ ಹಿಂದಿನಿಂದ ಮೇಲೆತ್ತಿ ಮೊಳೆಗೆ ಕಟ್ಟಿದ. ಡಾಕ್ಟರಬಾಯಿಯ ಮುಖ ನೆಟ್ಟಗಾಯಿತು.

‘ಬಿಗಿ ಆತಲ್ರಿ ಅಜ್ಜಾರ,’ ಎಂದರು ಹಲ್ಲು ಕಚ್ಚಿಕೊಂಡೇ.

‘ಬಿಗೀನ ಇರಬೇಕ್ರಿ. ನಿನ್ನೆ ಸಡಲ ಆಗಿ ವಾಲಿತ್ತಂತ ಎರಡನೇ ಸಲ ಬಿಗದು ಕಟ್ಟಿದ್ವಿ.’

ಅಜ್ಜನ ಕೈ ವಸ್ತ್ರದ ಗಂಟಿನ ಮೇಲೆಯೇ ನಿಂತಿತು. ಡಾಕ್ಟರಬಾಯಿ ತಾವೇ ಗಂಟು ಬಿಚ್ಚಿಕೊಂಡು, ಗದ್ದ ಮೇಲೆತ್ತಿ, ನನಗೆ ಹೇಳಿದರು: ‘ಫೋಟೋ ಹೊಡಿ.’ ಗದ್ದದ ಕೆಳಗಿನಿಂದ ಕಿವಿಯ ಹಿಂದಿನವರೆಗೆ ಕೆಂಪು ಗೆರೆ ಎದ್ದಿತ್ತು. ಮೊಬೈಲಿನಲ್ಲಿ ಹೊಡೆದು ಸಾಹೇಬರಿಗೆ ತೋರಿಸಿದೆ. ಅವರು ಮುದುಕಿಯ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದು ನೋಡಿದರು.

‘ನೂಕಿಲ್ಲ ಅಂತ ಇದರಿಂದ ಆಗತೈತೇನ್ರಿ ಮೇಡಂ?’ ಎಂದರು ಕಡೆಗೆ.

‘ಆಗೂದಿಲ್ಲ. ನೂಕ್ಯಾಳ ಅನ್ನಾಕ ನಿಮ್ಮ ಕಡೆ ಏನಿತ್ತು? ಈ ಗುರುತಿತ್ತು. ಇದು ಹೋತು. ಮತ್ತೇನೈತಿ ಹೇಳ್ರಿ, ಅದನ್ನೂ ನೋಡೂಣು.’

ಸಾಹೇಬರ ಬಳಿ ಮತ್ತೇನೂ ಇರಲಿಲ್ಲ. ಡಾಕ್ಟರಬಾಯಿ ಹಿರಿಯರ ಕಡೆ ತಿರುಗಿದರು. ಭಾಷಣಕಾರರು ಹೇಳಿದ ಮೃದು ಭಾಷೆಯನ್ನು ಆ ಊರು ಆಗ ಕೇಳಿತು.

‘ಮೈ ತೊಳದದ್ದು ತಪ್ಪಲ್ಲ, ಕುಂದರಸಿದ್ದೂ ತಪ್ಪಲ್ಲ. ನಮ್ಮ ಪದ್ಧತಿ ಅದು. ಅದನ್ನ ಹೇಳಾಕ ನಾಚಿಕಿ ಯಾಕ? ನೀವೆಲ್ಲಾ ಅಂಜಿ ಬಾಯಿ ಮುಚ್ಕೊಂಡು ಕುಂತ್ರಿ, ಒಂದು ಹೆಣ್ಮಗಳು ನಿಮ್ಮ ಆಣಿ ಕಟ್ಟಿಕೊಂಡು ಜೇಲಿಗೆ ಹೊಂಟಾಳ. ಏಳ್ರಿ. ಒಬ್ಬೊಬ್ಬರ ಬಂದು ಸಾಹೇಬ್ರ ಮುಂದ ಖರೇ ಇದ್ದದ್ದು ಹೇಳ್ರಿ. ನಾ ಇಲ್ಲೇ ಕುಂತಿರತೇನಿ.’

ಕುಳಿತೇ ಇದ್ದರು, ಕೊನೆಯವರ ಹೇಳಿಕೆ ಮುಗಿಯುವವರೆಗೆ. ಸಂಜೆ ಸೊಸೆಯನ್ನು ಬಿಟ್ಟರು.

ದೇಹವನ್ನು ಅವರು ಆ ದಿನ ಕೊಡಲಿಲ್ಲ. ‘ನಾಳೆ ಬರ್ರಿ, ಅಷ್ಟೊತ್ತಿಗೆ ಮೈ ಸಡಲ ಆಗತೈತಿ, ಛಂದಾಗಿ ಕುಂದರಸಾಕ ಬರತೈತಿ,’ ಎಂದು ಹೇಳಿ ಕಳಿಸಿದರು. ಮರುದಿನ ಮನೆಯವರು ಟೆಂಪೋ ತಂದರು. ಶವಾಗಾರದ ಮುಂದಿನ ಬೆಂಚಿನ ಒಂದು ತುದಿಯಲ್ಲಿ ವಡಗಾವಿಯ ಮಗಳು, ಇನ್ನೊಂದು ತುದಿಯಲ್ಲಿ ಸೊಸೆ. ನಡುವೆ ಇನ್ನೂ ಮೂರು ಜನ ಕೂರುವಷ್ಟು ಜಾಗ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಡಾಕ್ಟರಬಾಯಿ ಮಗಳ ಎದುರು ನಿಂತು ಎಲ್ಲವನ್ನೂ ಹೇಳಿದರು. ಮರಳು ಎಲ್ಲಿಯವರೆಗೆ ಹೋಗಿತ್ತು, ಗುರುತು ಹೇಗೆ ಬಂತು, ಯಾವುದು ತಮಗೆ ಖಾತ್ರಿ, ಯಾವುದು ಅಲ್ಲ. ಮಗಳು ತಲೆ ತಗ್ಗಿಸಿ ಕೇಳಿದಳು.

ಆಗ ಸೊಸೆ ಮಾತಾಡಿದಳು. ನಾನು ಆಕೆಯ ಧ್ವನಿ ಕೇಳಿದ್ದು ಅದೇ ಮೊದಲು.

‘ಬಾಯೀರ, ನಾ ಹೋಗಿ ಹಿಡಕೊಂಡಾಗ ನಮ್ಮತ್ತೀಗಿ ಜೀಂವ ಇತ್ತೇನ್ರಿ? ನಾ ಇನ್ನೂ ಲಗೂನ ಎಳದಿದ್ರ ಉಳೀತಿದ್ಲೇನ್ರಿ?’

ಒಂದು ಸುಳ್ಳು ಹೇಳಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ‘ಇಲ್ಲವ್ವ, ಅಷ್ಟೊತ್ತಿಗೆ ಮುಗದಿತ್ತು’ ಎಂದಿದ್ದರೆ ಆ ಹೆಂಗಸು ಮುಂದಿನ ದಿನಗಳನ್ನು ನೆಮ್ಮದಿಯಿಂದ ಕಳೆಯುತ್ತಿದ್ದಳು. ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಡಾಕ್ಟರಬಾಯಿ ಬೆಂಚಿನ ಮೇಲೆ ಆಕೆಯ ಪಕ್ಕ ಕುಳಿತು ಕೈ ಹಿಡಿದುಕೊಂಡರು.

‘ಗೊತ್ತಿಲ್ಲವ್ವ. ಅದು ಫೋಟೋದಾಗೂ ಕಾಣೂದಿಲ್ಲ, ಕೊಯ್ದ್ರೂ ಕಾಣೂದಿಲ್ಲ. ಕಾಣದ್ದು ನಾ ಹೆಂಗ ಹೇಳ್ಲಿ?’

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ತುದಿಯಿಂದ ಮಗಳು ಎದ್ದು ಬಂದಳು. ಬಂದು ಎದುರು ನಿಂತಳು. ಬೈಯುತ್ತಾಳೇನೋ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ, ಡಾಕ್ಟರಬಾಯಿ ಕಣ್ಣಲ್ಲೇ ನನ್ನನ್ನು ತಡೆದರು.

‘ವೈನಿ,’ ಎಂದಳು ಮಗಳು ಅತ್ತಿಗೆಗೆ, ‘ಈಸ ಬರದಾಕಿ ನೀ ನೀರಿಗೆ ಇಳದಿ. ಈಸ ನನಗೂ ಬರೂದಿಲ್ಲ. ನಾ ಅಲ್ಲಿದ್ರ ದಂಡಿ ಮ್ಯಾಲ ನಿಂತು ಒದರತಿದ್ನಿ, ಅಷ್ಟ. ಏಳು, ಅವ್ವನ್ನ ಮನೀಗಿ ಕರಕೊಂಡು ಹೋಗೂಣು.’